ಹಡಗೇ ಇಲ್ಲದ ನೌಕಾನೆಲೆ

ಪ್ರಶ್ನೆ: ನಾವು ಮೈಸೂರಿನವರು, ಈಗ ಕೆನಡಾದ ವ್ಯಾಂಕೂವರ್‌ನಲ್ಲಿದ್ದೇವೆ. ಸ್ಟ್ಯಾನ್ಲಿ ಪಾರ್ಕಿಗೆ ವಾಕಿಂಗ್ ಹೋದಾಗಲೆಲ್ಲ ದಡಕ್ಕೆ ಅಂಟಿಕೊಂಡ ಒಂದು ಪುಟ್ಟ ದ್ವೀಪ ಕಾಣುತ್ತದೆ. ‘ಎಚ್‌ಎಂಸಿಎಸ್ ಡಿಸ್ಕವರಿ’ ಅಂತ ಬೋರ್ಡಿದೆ, ಯುದ್ಧನೌಕೆ ಮಾತ್ರ ಒಂದೂ ಇಲ್ಲ. ಪಾರ್ಕಿನ ಪಕ್ಕ ನೌಕಾಪಡೆಗೆ ಏನು ಕೆಲಸ? ಕಾಲೇಜು ಓದುತ್ತಿರುವ ಮಗಳು ಅಲ್ಲಿ ಸೇರಬಹುದಾ ಅಂತ ಕೇಳುತ್ತಾಳೆ. ನಮಗಿರುವುದು ಪಿಆರ್ (ಕೆನಡಾದಲ್ಲಿ ಖಾಯಂ ಆಗಿ ನೆಲೆಸುವ ಅನುಮತಿ) ಅಷ್ಟೇ, ಪೌರತ್ವ ಇಲ್ಲ.
– ಓದುಗರೊಬ್ಬರು, ವ್ಯಾಂಕೂವರ್

ಉತ್ತರ: ಅದು ಕೆನಡಾದ ಮೀಸಲು ನೌಕಾಪಡೆಯ ತರಬೇತಿ ನೆಲೆ. ಎಚ್‌ಎಂಸಿಎಸ್ ಅಂದರೆ ಕೆನಡಾ ನೌಕಾಪಡೆಯ ಹಡಗುಗಳ ಹೆಸರಿನ ಮುಂದೆ ಬರೆಯುವ ಗುರುತು. ದಡದ ಮೇಲಿನ ನೆಲೆಗೂ ಹಡಗಿನ ಹೆಸರಿಡುವುದು ಬ್ರಿಟಿಷರಿಂದ ಬಂದ ರೂಢಿ. ಡಿಸ್ಕವರಿ ಎಂಬುದು 1792ರಲ್ಲಿ ಈ ಕರಾವಳಿಗೆ ಬಂದ ಜಾರ್ಜ್ ವ್ಯಾಂಕೂವರ್‌ನ ಹಡಗು.

ದ್ವೀಪದ ಹೆಸರು ಡೆಡ್‌ಮ್ಯಾನ್. ಅಂದರೆ ಸತ್ತವರ ದ್ವೀಪ. ಇಲ್ಲಿನ ಮೂಲನಿವಾಸಿ ಸ್ಕ್ವಾಮಿಶ್ ಜನ ಹೆಣವನ್ನು ಸೀಡರ್ ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮರದ ಕೊಂಬೆಗಳ ಮೇಲೆ ಇಡುತ್ತಿದ್ದರು. 1862ರಲ್ಲಿ ಬಂದ ಜಾನ್ ಮಾರ್ಟನ್ ಎಂಬ ಬಿಳಿಯನಿಗೆ ಅಂಥ ಪೆಟ್ಟಿಗೆಗಳು ಕಂಡವು. ಒಂದು ಒಡೆದು ಕೆಳಗೆ ಬಿದ್ದಿತ್ತು, ಮೂಳೆಗಳ ಜೊತೆ ಕಪ್ಪು ಕೂದಲಿನ ಜೊಂಪೆ. ಆಮೇಲೆ ಬಿಳಿಯರೂ ಇದನ್ನೇ ಸ್ಮಶಾನ ಮಾಡಿಕೊಂಡರು. ನಾವಿಕರು, ರೈಲ್ವೆ ಕೆಲಸಗಾರರು, ದಿಕ್ಕಿಲ್ಲದವರು ಇಲ್ಲಿ ಮಣ್ಣಾದರು. 1888ರಿಂದ ಕೆಲವು ವರ್ಷ ಸಿಡುಬು ಬಂದವರನ್ನು ತಂದು ಇಲ್ಲೇ ಇಡುತ್ತಿದ್ದರು.

ಇಂಥ ಜಾಗ ನೌಕಾಪಡೆಗೆ ಹೇಗೆ ಸಿಕ್ಕಿತು? ಅದಕ್ಕೆ ಕಾರಣ ಒಂದು ಜಗಳ. 1899ರಲ್ಲಿ ಥಿಯೋಡರ್ ಲಡ್ಗೇಟ್ ಎಂಬಾತ ಕೇಂದ್ರ ಸರ್ಕಾರದಿಂದ ದ್ವೀಪವನ್ನು ಗುತ್ತಿಗೆಗೆ ಪಡೆದ. ಮರ ಕಡಿದು ಸಾಮಿಲ್ ಹಾಕುವ ಲೆಕ್ಕಾಚಾರ. ಮೇಯರ್ ಜೇಮ್ಸ್ ಗಾರ್ಡನ್ ಪೊಲೀಸರ ಜೊತೆ ಬಂದು ತಡೆದರು. ದ್ವೀಪ ಯಾರದು ಅನ್ನುವ ಕೇಸು ಆಗ ಕೆನಡಾಕ್ಕೂ ಕೊನೆಯ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಇದು ಮೊದಲಿಂದಲೂ ಸೇನೆಗೆ ಕಾದಿರಿಸಿದ ಜಮೀನು, ಹಾಗಾಗಿ ಕೇಂದ್ರದ್ದು ಎಂದು 1906ರಲ್ಲಿ ತೀರ್ಪು ಬಂತು. ಆ ತೀರ್ಪಿನಲ್ಲಿ ಸ್ಕ್ವಾಮಿಶ್ ಜನರ ಹಕ್ಕಿನ ಮಾತೇ ಇರಲಿಲ್ಲ. ತಮ್ಮ ಹಿರಿಯರನ್ನು ಇಟ್ಟ ಜಾಗ ಯಾರದು ಅಂತ ಅವರನ್ನು ಯಾರೂ ಕೇಳಲಿಲ್ಲ. ಈ ನೆಲೆಯ ಚರಿತ್ರೆಯನ್ನು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೀಸಲು ಪಡೆ ಹುಟ್ಟಿದ್ದು ದುಡ್ಡಿನ ಅಭಾವದಿಂದ. 1922ರಲ್ಲಿ ಕೆನಡಾ ಸರ್ಕಾರ ನೌಕಾಪಡೆಯ ಬಜೆಟ್ಟನ್ನು 15 ಲಕ್ಷ ಡಾಲರಿಗೆ ಇಳಿಸಿತು. ಆಗ ಮುಖ್ಯಸ್ಥರಾಗಿದ್ದವರು ವಾಲ್ಟರ್ ಹೋಸ್. ಹಡಗು ಕೊಳ್ಳಲು ಆಗುವುದಿಲ್ಲ, ಕೊನೇಪಕ್ಷ ಜನರನ್ನಾದರೂ ತಯಾರು ಮಾಡೋಣ ಅಂತ 1923ರಲ್ಲಿ ಸ್ವಯಂಸೇವಕರ ಪಡೆ ಕಟ್ಟಿದರು. ಬಂದರು ಊರುಗಳಲ್ಲಷ್ಟೇ ಅಲ್ಲ, ಸಮುದ್ರವನ್ನೇ ನೋಡದ ವಿನಿಪೆಗ್, ರೆಜೈನಾದಲ್ಲೂ ಘಟಕ ತೆರೆದರು. ಗುಮಾಸ್ತರು, ಅಂಗಡಿಯವರು, ವಿದ್ಯಾರ್ಥಿಗಳು ಸಂಜೆ ಹೊತ್ತು ಬಂದು ಕಲಿತರು.

ಎರಡನೇ ಮಹಾಯುದ್ಧ ಬಂದಾಗ ಅದೇ ಕೈಹಿಡಿಯಿತು. ಕೆಲವೇ ಸಾವಿರ ಜನರಿದ್ದ ನೌಕಾಪಡೆ ಹೆಚ್ಚುಕಮ್ಮಿ ಒಂದು ಲಕ್ಷಕ್ಕೆ ಬೆಳೆಯಿತು. ಅದರಲ್ಲಿ ಮುಕ್ಕಾಲು ಪಾಲು ಈ ಸ್ವಯಂಸೇವಕರೇ. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳಿಂದ ಸರಕು ಹಡಗುಗಳನ್ನು ಕಾಯಲು ಹೋದವರು ಹೆಚ್ಚಾಗಿ ಇವರು. ಖಾಯಂ ಅಧಿಕಾರಿಗಳ ತೋಳಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ನೇರವಾಗಿರುತ್ತಿತ್ತು, ಇವರದ್ದು ಅಲೆಯಂತೆ ಡೊಂಕು. ನೋಡಿದ ತಕ್ಷಣ ಯಾರು ಎಲ್ಲಿಂದ ಬಂದವರು ಗೊತ್ತಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಆ ಭೇದ ಹೋಯಿತು. ವ್ಯಾಂಕೂವರ್ ಘಟಕಕ್ಕೆ ಡಿಸ್ಕವರಿ ಹೆಸರು ಬಂದದ್ದು 1941ರಲ್ಲಿ. ದ್ವೀಪದ ಕಟ್ಟಡ ಎದ್ದದ್ದು 1944ರಲ್ಲಿ.

ಹೋಸ್ ಬಗ್ಗೆ ಇನ್ನೊಂದು ವಿಷಯ ನಮಗೆ ಗೊತ್ತಿರಲೇಬೇಕು. 1914ರಲ್ಲಿ ಕೊಮಗಾಟ ಮಾರು ಹಡಗು 376 ಜನರನ್ನು ಹೊತ್ತು ಇದೇ ಬಂದರಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಕೆಲವರನ್ನು ಬಿಟ್ಟು ಉಳಿದವರನ್ನು ಇಳಿಯಲು ಬಿಡದೆ ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿದರು. ಜುಲೈ 23ರಂದು ಅವರನ್ನು ಬಂದರಿನಿಂದ ಆಚೆ ಕಳಿಸಲು ಜೊತೆಗೆ ಹೋದ ಯುದ್ಧನೌಕೆ ರೇನ್‌ಬೋ. ಅದರ ಕಮಾಂಡರ್ ಇದೇ ವಾಲ್ಟರ್ ಹೋಸ್. ಒಂದು ಕತೆಯಲ್ಲಿ ಅವರು ನೌಕಾಪಡೆ ಉಳಿಸಿದವರು, ಇನ್ನೊಂದರಲ್ಲಿ ಸರ್ಕಾರದ ಅನ್ಯಾಯ ನಡೆಸಿಕೊಟ್ಟವರು. ಎರಡೂ ನಿಜ. ಕೊಮಗಾಟ ಮಾರು ಘಟನೆಗಾಗಿ 2016ರಲ್ಲಿ ಕೆನಡಾ ಸಂಸತ್ತಿನಲ್ಲಿ ಪ್ರಧಾನಿ ಕ್ಷಮೆ ಕೇಳಿದರು.

ದ್ವೀಪದ ಒಳಗೆ ಸುಮ್ನೆ ಹೋಗಿ ನೋಡಲು ಬಿಡುವುದಿಲ್ಲ. ಆದರೆ ದಡದುದ್ದಕ್ಕೂ ಇರುವ ಸೀವಾಲ್ ಎಂಬ ಕಾಲುದಾರಿಯಲ್ಲಿ ಊರಿನ ಕಡೆ ನಡೆದರೆ ಕೋಲ್ ಹಾರ್ಬರ್‌ನಲ್ಲಿ ಕೊಮಗಾಟ ಮಾರು ಸ್ಮಾರಕ ಸಿಗುತ್ತದೆ. ಮಗಳನ್ನು ಕರೆದುಕೊಂಡು ಹೋಗಿ.

ಅವಳ ಪ್ರಶ್ನೆಗೆ ಉತ್ತರ: ಅರ್ಜಿ ಹಾಕಬಹುದು. 2022ರ ನವೆಂಬರ್‌ನಿಂದ ಪಿಆರ್ ಇದ್ದವರಿಗೂ ಕೆನಡಾದ ಸಶಸ್ತ್ರ ಪಡೆ ಅವಕಾಶ ಕೊಟ್ಟಿದೆ. ಮೀಸಲು ಪಡೆ ಅಂದರೆ ಸಾಮಾನ್ಯವಾಗಿ ವಾರಕ್ಕೊಂದು ಸಂಜೆ, ಆಗಾಗ ವಾರಾಂತ್ಯ, ರಜೆಯಲ್ಲಿ ತರಬೇತಿ. ಓದು ಬಿಡಬೇಕಿಲ್ಲ, ಸಂಬಳವೂ ಇದೆ. ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ ಎಲ್ಲ ಮುಗಿಯಲು ತಿಂಗಳುಗಟ್ಟಲೆ ಹಿಡಿಯಬಹುದು, ಈಗಲೇ ಶುರು ಮಾಡಲಿ.