ಹಸಿರು ರಕ್ತಕ್ಕೆ ಎಷ್ಟು ಹೃದಯ ಬೇಕು?

ನಿಮ್ಮ ಪ್ರಶ್ನೆ ಇದು: "ಸ್ಟಾರ್ ಟ್ರೆಕ್ ಟಿವಿ ಧಾರಾವಾಹಿಯ ಸ್ಪಾಕ್ ಥರ, ನೋಡೋಕೆ ಮನುಷ್ಯರಂತೆಯೇ ಇದ್ದು ತಾಮ್ರದ ಹಸಿರು ರಕ್ತ ಇರುವ ಅನ್ಯಗ್ರಹದವರನ್ನಿಟ್ಟುಕೊಂಡು ಕಥೆ ಬರೆಯುತ್ತಿದ್ದೇನೆ. ಜೀವಶಾಸ್ತ್ರದ ಮುಂದೆ ಇದು ನಿಲ್ಲುತ್ತದೆಯೇ? ಅವರಿಗೂ ಮನುಷ್ಯರಿಗೂ ಮಗು ಹುಟ್ಟಬಹುದೇ?"

ನಾನು ಜೀವಶಾಸ್ತ್ರದ ಮೇಷ್ಟ್ರಲ್ಲ, ರಕ್ತನಿಧಿಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಗಿಂದ ಸಂಜೆವರೆಗೆ ಚೀಲ, ಟ್ಯೂಬು, ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್. ಹಾಗಾಗಿ ರಕ್ತದ ಭಾಗಕ್ಕೆ ಉದ್ದ ಉತ್ತರ, ಮಿಕ್ಕಿದ್ದಕ್ಕೆ ಗಿಡ್ಡ ಉತ್ತರ.

ಮೊದಲು ಒಂದು ಸಂಗತಿ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸೆಂಟ್ರಿಫ್ಯೂಜ್‌ನಿಂದ ಒಂದು ಚೀಲ ಹೊರಗೆ ತೆಗೆದೆ. ಕೆಳಗೆ ಕೆಂಪು ಕಣಗಳು ಎಂದಿನಂತೆ ಕೂತಿದ್ದವು. ಮೇಲೆ ನಿಂತ ಪ್ಲಾಸ್ಮಾ (ರಕ್ತದ ದ್ರವ ಭಾಗ) ಮಾತ್ರ ಒಣಹುಲ್ಲಿನ ಹಳದಿಯ ಬದಲು ಎಳೆ ಗರಿಕೆಯ ಹಸಿರು. ಬ್ಯಾಕ್ಟೀರಿಯಾ ಹೊಕ್ಕಿಬಿಟ್ಟಿದೆ ಅಂದುಕೊಂಡು ಕೈ ತಣ್ಣಗಾಯಿತು. ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ದಾನಿ ಹೆಂಗಸಾ? ಗರ್ಭನಿರೋಧಕ ಮಾತ್ರೆ ತಗೊಳ್ತಿರಬೇಕು ಕಣೋ, ಮೊದಲು ಅದನ್ನ ವಿಚಾರಿಸು" ಅಂದರು. ಊಹೆ ಸರಿಯಾಗಿತ್ತು. ನಮ್ಮೆಲ್ಲರ ಪ್ಲಾಸ್ಮಾದಲ್ಲೂ ಸೆರುಲೋಪ್ಲಾಸ್ಮಿನ್ ಎಂಬ ಪ್ರೊಟೀನ್ ಇದೆ. ಪ್ಲಾಸ್ಮಾದ ತಾಮ್ರದಲ್ಲಿ ಬಹುಪಾಲು ಇರುವುದು ಇದರಲ್ಲೇ, ಬೇರ್ಪಡಿಸಿ ನೋಡಿದರೆ ಇದರ ಬಣ್ಣ ನೀಲಿ. ಮಾತ್ರೆಯಿಂದಲೋ ಬಸಿರಿನಿಂದಲೋ ಈಸ್ಟ್ರೋಜನ್ ಏರಿದಾಗ ಇದೂ ಏರುತ್ತದೆ. ಹಳದಿಗೆ ನೀಲಿ ಬೆರೆತರೆ ಹಸಿರು, ಅಷ್ಟೇ.

ಅಂದರೆ ತಾಮ್ರದಿಂದ ಹಸಿರಾದ ಮನುಷ್ಯರ ರಕ್ತವನ್ನು (ಸರಿ, ಅದರ ಮುಕ್ಕಾಲು ಪಾಲಲ್ಲದಿದ್ದರೂ ಅರ್ಧವನ್ನು) ನಾನು ಕೈಯಲ್ಲಿ ಹಿಡಿದಿದ್ದೇನೆ. ಸ್ಪಾಕ್‌ನ ರಕ್ತದ ಬಣ್ಣಕ್ಕೆ ನನಗೆ ಗೊತ್ತಿರುವ ಅತ್ಯಂತ ಸಭ್ಯ ವಿವರಣೆಯೂ ಇದೇ. ಏಕೆಂದರೆ ತಾಮ್ರದಿಂದ ಆಮ್ಲಜನಕ ಹೊರುವ ಪ್ರಾಣಿಗಳು ಭೂಮಿಯ ಮೇಲೆ ಬೇಕಾದಷ್ಟಿವೆ, ಆದರೆ ಅವುಗಳ ರಕ್ತ ಸಾಮಾನ್ಯವಾಗಿ ನೀಲಿ, ಹಸಿರಲ್ಲ. ಆಕ್ಟೋಪಸ್, ಜೇಡ, ಕುದುರೆಲಾಳದ ಏಡಿ ಇವುಗಳಲ್ಲಿರುವುದು ಹಿಮೋಸಯನಿನ್ ಎಂಬ ತಾಮ್ರದ ಪ್ರೊಟೀನ್. ಎರಡು ತಾಮ್ರದ ಪರಮಾಣುಗಳು ಸೇರಿ ಒಂದು ಆಮ್ಲಜನಕದ ಅಣುವನ್ನು ಹಿಡಿಯುತ್ತವೆ. ಹಿಡಿದಾಗ ನೀಲಿ, ಬಿಟ್ಟಾಗ ಬಣ್ಣವೇ ಇಲ್ಲ. ತಾಮ್ರ ಅಂದಕೂಡಲೇ ನಮಗೆ ಹಸಿರು ನೆನಪಾಗುವುದು ಪಾತ್ರೆಗೆ ಹಿಡಿಯುವ ಕಿಲುಬಿನಿಂದಿರಬೇಕು. ನಿಮ್ಮವರ ಪ್ಲಾಸ್ಮಾ ಹಳದಿಯಾಗಿದ್ದು ಅದರಲ್ಲಿ ನೀಲಿ ಹಿಮೋಸಯನಿನ್ ಕರಗಿದ್ದರೆ ಹಸಿರು ತಾನಾಗಿ ಬರುತ್ತದೆ. ಆದರೆ ಆಮ್ಲಜನಕ ತುಂಬಿದ ರಕ್ತ ಹರಿಯುವ ಅಪಧಮನಿಯಲ್ಲಿ ಮಾತ್ರ! ಅಭಿಧಮನಿ ಕೊಯ್ದರೆ ಮೊದಲು ತೆಳು ಹಳದಿ ನೀರು ಒಸರಿ, ಗಾಳಿ ತಾಗುತ್ತಾ ತಾಗುತ್ತಾ ಹಸಿರಿಗೆ ತಿರುಗಬೇಕು. ಈ ದೃಶ್ಯವನ್ನು ಕಥೆಯಲ್ಲಿ ಬಳಸಿ, ಬಿಡಬೇಡಿ.

ನಿಜವಾಗಿ ಹಸಿರು ರಕ್ತ ಇರುವ ಬೆನ್ನೆಲುಬಿನ ಪ್ರಾಣಿ ಬೇಕೆಂದರೆ ನ್ಯೂಗಿನಿಯ ಕೆಲವು ಹಾವುರಾಣಿಗಳಿವೆ. ಆದರೆ ಅಲ್ಲಿ ತಾಮ್ರದ ಪಾತ್ರವಿಲ್ಲ. ಕಬ್ಬಿಣದ ಹಿಮೋಗ್ಲೋಬಿನ್ನೇ ಇದೆ, ಅದು ಒಡೆದಾಗ ಹುಟ್ಟುವ ಬಿಲಿವರ್ಡಿನ್ ಎಂಬ ಹಸಿರು ಪಿತ್ತವರ್ಣ ಮನುಷ್ಯರಾಗಿದ್ದರೆ ಪ್ರಾಣಕ್ಕೇ ಕುತ್ತು ತರುವಷ್ಟು ತುಂಬಿಕೊಂಡಿದೆ. ರಕ್ತ ಮಾತ್ರವಲ್ಲ, ಅವುಗಳ ಮೂಳೆ, ಸ್ನಾಯು, ನಾಲಿಗೆಯೂ ಹಸಿರು. ಕಾಮಾಲೆಯ ಸ್ಯಾಂಪಲ್ ನೋಡಿ ನೋಡಿ ಅಭ್ಯಾಸವಾದ ನನಗೆ ಆ ಹಲ್ಲಿ ಹೇಗೆ ಬದುಕಿದೆಯೋ ಅನ್ನಿಸುತ್ತದೆ.

ಇನ್ನು ಬಣ್ಣ ಬಿಡಿ, ಕೆಲಸಕ್ಕೆ ಬನ್ನಿ. ರಕ್ತ ಇರುವುದು ಆಮ್ಲಜನಕ ಹೊರಲು. 1966ರ ಮೊದಲ ಕಂತುಗಳಲ್ಲೊಂದರಲ್ಲಿ ಬಾಹ್ಯಾಕಾಶ ಹಡಗಿನ ಡಾಕ್ಟರು ಸ್ಪಾಕ್‌ನನ್ನು ಪರೀಕ್ಷಿಸಿ ನಾಡಿ 242, ರಕ್ತದೊತ್ತಡ ಇಲ್ಲವೆನ್ನುವಷ್ಟು ಕಡಿಮೆ ಎಂದು ಗೊಣಗುತ್ತಾರೆ. ತಮಾಷೆಗೆ ಬರೆದ ಸಂಖ್ಯೆ ಎಂದುಕೊಂಡಿದ್ದೆ. ಒಂದು ರಾತ್ರಿ ಪಾಳಿಯಲ್ಲಿ ಕೆಲಸವಿಲ್ಲದೆ ಕೂತಾಗ ರಿಜಿಸ್ಟರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ಮನುಷ್ಯರ ಒಂದು ಲೀಟರ್ ರಕ್ತ ಸುಮಾರು 200 ಮಿ.ಲೀ. ಆಮ್ಲಜನಕ ಹೊರುತ್ತದೆ. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳುತ್ತದೆ, ಅಂದರೆ 1000 ಮಿ.ಲೀ. ಆಮ್ಲಜನಕ. ದೇಹ ಬಳಸುವುದು ಅದರಲ್ಲಿ 250. ಮಿಕ್ಕಿದ್ದು ಮೀಸಲು. ಈಗ ಆಕ್ಟೋಪಸ್ ರಕ್ತ ತುಂಬಿಸಿ. ಲೀಟರಿಗೆ 45ರ ಆಸುಪಾಸು. 5 ಲೀಟರಿಗೆ 225 ಮಿ.ಲೀ. ಕುರ್ಚಿಯಲ್ಲಿ ಕೂತಿರಲೂ ಸಾಲದು! ಒಂದು ಬಡಿತಕ್ಕೆ 70 ಮಿ.ಲೀ. ರಕ್ತವೆಂದು ಇಟ್ಟುಕೊಂಡು ನಾಡಿಯನ್ನು 242ಕ್ಕೆ ಏರಿಸಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 17 ಲೀಟರ್, ಆಮ್ಲಜನಕ ಸುಮಾರು 760 ಮಿ.ಲೀ. ಬದುಕಿದ. ಬರೆದವರು ಲೆಕ್ಕ ಹಾಕಿದ್ದರೋ ಇಲ್ಲವೋ, ತಾಮ್ರದ ರಕ್ತಕ್ಕೆ ಅಂಥ ನಾಡಿಯೇ ಬೇಕು. ಆಕ್ಟೋಪಸ್‌ಗೆ ಮೂರು ಹೃದಯಗಳಿರುವುದೂ ಸುಮ್ಮನಲ್ಲ. ಎರಡು ಕಿವಿರುಗಳಿಗೆ, ಒಂದು ಮಿಕ್ಕ ಮೈಗೆ.

ತೊಂದರೆ ಶುರುವಾಗುವುದು ಆತ ಎದ್ದು ಓಡಿದಾಗ. ಚೆನ್ನಾಗಿ ಓಡುವ ಮನುಷ್ಯ ನಿಮಿಷಕ್ಕೆ 3000 ಮಿ.ಲೀ. ಆಮ್ಲಜನಕ ಬಳಸಬಲ್ಲ. ಸ್ಪಾಕ್‌ನ ಹತ್ತಿರ ಇರುವುದೇ 760. ನಾಡಿಯನ್ನು ಇನ್ನೂ ಏರಿಸೋಣವೆಂದರೆ 242ರಲ್ಲೇ ಒಂದು ಬಡಿತಕ್ಕೆ ಕಾಲು ಸೆಕೆಂಡು, ಅಷ್ಟರಲ್ಲಿ ಹೃದಯ ತುಂಬಲೂ ಬೇಕು, ಖಾಲಿಯಾಗಲೂ ಬೇಕು. ಇದರ ಮೇಲೆ ಸ್ಪಾಕ್‌ನ ತವರಾದ ವಲ್ಕನ್ ಗ್ರಹದಲ್ಲಿ ಗುರುತ್ವ ಹೆಚ್ಚು, ಗಾಳಿ ತೆಳು, ಸುಡುವ ಮರಳುಗಾಡು, ಅಲ್ಲಿನವರು ಮನುಷ್ಯರಿಗಿಂತ ಬಲಶಾಲಿಗಳು ಬೇರೆ. ನನ್ನ ರಿಜಿಸ್ಟರು ಇದನ್ನು ಒಪ್ಪುವುದಿಲ್ಲ.

ರಕ್ತದಲ್ಲಿ ಹಿಮೋಸಯನಿನ್ ಜಾಸ್ತಿ ಕರಗಿಸಬಾರದೇ ಅಂತ ಕೇಳಬಹುದು. ಹಿಮೋಗ್ಲೋಬಿನ್‌ಗೆ ಹೋಲಿಸಿದರೆ ಅದು ಭಾರೀ ಮೈಯ ಪ್ರೊಟೀನ್. ಒಂದು ಆಮ್ಲಜನಕ ಹೊರಲು ಆಕ್ಟೋಪಸ್‌ನದಕ್ಕೆ ಮೂರು ಪಟ್ಟು ತೂಕ ಬೇಕು. ನಮ್ಮ ಒಂದು ಲೀಟರ್ ರಕ್ತದಲ್ಲಿ 150 ಗ್ರಾಂ ಹಿಮೋಗ್ಲೋಬಿನ್ ಇದ್ದರೆ, ಅವರಿಗೆ ಅರ್ಧ ಕಿಲೋ ಸಮೀಪ. ಅದು ರಕ್ತವಲ್ಲ, ಪಾಕ. ನಮ್ಮಲ್ಲಿ ಹಿಮೋಗ್ಲೋಬಿನ್ ಕೆಂಪು ಕಣಗಳ ಒಳಗೆ ಮೂಟೆ ಕಟ್ಟಿಕೊಂಡಿದೆ, ಆದ್ದರಿಂದ ಅಷ್ಟಿದ್ದರೂ ರಕ್ತ ಹರಿಯುತ್ತದೆ. ಹಿಮೋಸಯನಿನ್ ಇರುವುದು ನೇರ ದ್ರವದಲ್ಲೇ ಕರಗಿ. ನನ್ನ ಸೆಂಟ್ರಿಫ್ಯೂಜ್‌ಗೆ ಹಾಕಿದರೆ ಕೆಳಗೆ ಕೆಂಪು, ಮೇಲೆ ಹಳದಿ ಅಂತ ಬೇರೆಯಾಗದೆ ಟ್ಯೂಬು ಉದ್ದಕ್ಕೂ ಒಂದೇ ಬಣ್ಣ ಉಳಿಯುತ್ತದೆ.

ನಿಮಗೆ ಎರಡು ದಾರಿಗಳಿವೆ. ಮೊದಲನೆಯದು, ಗ್ರಹವನ್ನೇ ತಂಪು ಮಾಡುವುದು. ಅಂಟಾರ್ಕ್ಟಿಕಾದ ಐಸ್‌ಫಿಶ್‌ಗಳಿಗೆ ಹಿಮೋಗ್ಲೋಬಿನ್ನೇ ಇಲ್ಲ, ರಕ್ತ ನೀರಿನಂತೆ. ಸೊನ್ನೆ ಡಿಗ್ರಿಗೂ ಕೆಳಗಿನ ಸಮುದ್ರದಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ಮೀನಿನ ಖರ್ಚೂ ಕಡಿಮೆ. ಜತೆಗೆ ದೊಡ್ಡ ಹೃದಯ, ಅಗಲ ರಕ್ತನಾಳ, ತುಂಬಾ ರಕ್ತ, ಕಡಿಮೆ ಒತ್ತಡ. ಡಾಕ್ಟರು ಗೊಣಗಿದ ಆ ಇಲ್ಲದ ರಕ್ತದೊತ್ತಡಕ್ಕೆ ಇಲ್ಲೊಂದು ಸಮರ್ಥನೆ ಸಿಗುತ್ತದೆ. ಆದರೆ ಅಂಥ ಜೀವಿ ನಿಧಾನಸ್ಥನಾಗಿರಬೇಕು. ಎರಡನೆಯದು, ಮರಳುಗಾಡೇ ಬೇಕೆಂದರೆ ಹಿಮೋಸಯನಿನ್ನನ್ನು ಕಣಗಳೊಳಗೆ ತುಂಬಿ, ಹೃದಯ ದೊಡ್ಡದು ಮಾಡಿ, ಎದೆಗೂಡು ಅಗಲಿಸಿ. ಆಗ ಆತ ಸ್ಪಾಕ್‌ನಂತೆ ತೆಳ್ಳಗೆ ಕಾಣುವುದಿಲ್ಲ. ನನಗೇನೋ ಎರಡನೆಯವನೇ ಇಷ್ಟ. ರಕ್ತದ ಬಣ್ಣ ಬದಲಿಸಿದ್ದರ ಬೆಲೆ ಮೈಮೇಲೆ ಕಾಣಿಸುತ್ತದೆ.

ವೃತ್ತಿಯ ಒಂದು ತಕರಾರೂ ಇದೆ. 1967ರ ಒಂದು ಕಂತಿನಲ್ಲಿ ಸ್ಪಾಕ್ ತನ್ನ ತಂದೆಗೆ ರಕ್ತ ಕೊಡುತ್ತಾನೆ, ಗುಂಪು ಟಿ ನೆಗೆಟಿವ್ ಅಂತೆ. ನಾವು ನೋಡುವ ರಕ್ತದ ಗುಂಪು ಅಂದರೆ ಕೆಂಪು ಕಣದ ಮೈಮೇಲಿನ ಗುರುತು. ಆಮ್ಲಜನಕ ಹೊರುವ ಕಣವೇ ಇಲ್ಲದೆ ಎಲ್ಲ ದ್ರವದಲ್ಲೇ ಕರಗಿದ್ದರೆ ನಾನು ಯಾವುದಕ್ಕೆ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಲಿ? ಕಣದ ದಾರಿ ಹಿಡಿಯಲು ಇದೂ ಒಂದು ಕಾರಣ.

ವಲ್ಕನ್ನರಿಗಿರುವ ಕಣ್ಣಿನ ಒಳರೆಪ್ಪೆಗೆ ಯಾವ ತಕರಾರೂ ಇಲ್ಲ. ಬೆಕ್ಕು, ಹಕ್ಕಿ, ಒಂಟೆಗಳಿಗೆ ಅದು ಇದ್ದೇ ಇದೆ. ಕನ್ನಡಿಯಲ್ಲಿ ನಿಮ್ಮ ಕಣ್ಣಿನ ಮೂಗಿನ ಕಡೆಯ ಮೂಲೆ ನೋಡಿ, ಅಲ್ಲಿನ ಗುಲಾಬಿ ಮಡಿಕೆ ನಮ್ಮಲ್ಲಿ ಉಳಿದ ಅದರ ಪಳೆಯುಳಿಕೆ.

ಏಳು ವರ್ಷಕ್ಕೊಮ್ಮೆ ವಲ್ಕನ್ನರಿಗೆ ಕೂಡುವ ಹುಚ್ಚು ಕೆರಳಿ, ತರ್ಕವೆಲ್ಲ ಮಣ್ಣುಪಾಲಾಗುವುದಿದೆಯಲ್ಲ, ಅದಕ್ಕೆ ನಮ್ಮ ಭಾಷೆಯಲ್ಲಿ ಹೆಸರೇ ಇದೆ: ಮದ. ಗಂಡಾನೆಗೆ ಮದ ಬಂದಾಗ ಕಣ್ಣು, ಕಿವಿಗಳ ನಡುವಿನ ಗ್ರಂಥಿಯಿಂದ ದ್ರವ ಸುರಿಯುತ್ತದೆ, ಟೆಸ್ಟೋಸ್ಟಿರಾನ್ ಹತ್ತಾರು ಪಟ್ಟು ಏರುತ್ತದೆ, ಸಾಧು ಆನೆಯೂ ಮೇಲೆ ಬೀಳುತ್ತದೆ. ಏಳು ವರ್ಷ ಎಣಿಸುವ ಗಡಿಯಾರವೂ ಅಸಾಧ್ಯವಲ್ಲ. ಅಮೆರಿಕದ ಕೆಲವು ಸಿಕಾಡ ಕೀಟಗಳು ನೆಲದೊಳಗೆ 13 ಅಥವಾ 17 ವರ್ಷ ಎಣಿಸಿ ಒಟ್ಟಿಗೆ ಮೇಲೆ ಬರುತ್ತವೆ. ಆದರೆ ಅವು ಎಣಿಸುವುದು ತಾವು ರಸ ಹೀರುವ ಮರದ ಋತುಗಳನ್ನು. ನಿಮ್ಮವರ ಏಳು ವರ್ಷ ಯಾವ ಸೂರ್ಯನ ಲೆಕ್ಕ, ಗ್ರಹ ಬಿಟ್ಟು ಹಡಗು ಹತ್ತಿದ ಮೇಲೆ ಅದು ತಪ್ಪುವುದಿಲ್ಲವೇ? ಕಥೆಗೆ ಒಳ್ಳೆ ಎಳೆ.

ಆಕಾರದ ಬಗ್ಗೆ: ಎರಡು ಕಾಲು, ಎರಡು ಕೈ, ಮೇಲೊಂದು ಮುಖ ಮತ್ತೊಂದು ಗ್ರಹದಲ್ಲೂ ಮೂಡೀತೆಂಬ ನಂಬಿಕೆಯನ್ನು ಪ್ರಾಗ್ಜೀವಿ ವಿಜ್ಞಾನಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ 1964ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ತಳ್ಳಿಹಾಕಿದ್ದರು. ಆಕ್ಟೋಪಸ್‌ಗೂ ನಮಗೂ ಕ್ಯಾಮೆರಾದಂಥ ಕಣ್ಣು ಬೇರೆಬೇರೆಯಾಗಿ ಮೂಡಿದೆ, ನಿಜ. ಒಂದು ಅಂಗ ಹೋಲಬಹುದು. ಇಡೀ ಮನುಷ್ಯ ಮರುಕಳಿಸುವುದು ಬೇರೆ ಮಾತು. ಟಿವಿಯಲ್ಲಿ ನಟರಿಗೆ ಚೂಪು ಕಿವಿ ಅಂಟಿಸುವುದು ಸುಲಭ, ಅಷ್ಟೇ ಕಾರಣ. ನಿಮಗೆ ಆ ಕಟ್ಟುಪಾಡಿಲ್ಲ.

ಮಗು? ಹುಟ್ಟುವುದಿಲ್ಲ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಇವು ಹತ್ತಿರದ ದಾಯಾದಿಗಳು, ಆದರೂ 63ರ ಹೇಸರಗತ್ತೆ ಸಾಮಾನ್ಯವಾಗಿ ಬಂಜೆ. 1993ರ ಒಂದು ಕಂತಿನಲ್ಲಿ ಪುರಾತನ ಜೀವಿಗಳು ಅನೇಕ ಗ್ರಹಗಳ ಸಾಗರಗಳಲ್ಲಿ ಒಂದೇ ಡಿಎನ್‌ಎ ಬಿತ್ತಿದ್ದರು ಎಂದು ತೇಪೆ ಹಾಕುತ್ತಾರೆ. ಒಂದೇ ಮೂಲದವರಾದ ಮಾತ್ರಕ್ಕೆ ಕೂಡಿ ಮಗು ಆಗುವುದಾದರೆ ನಮಗೂ ಅಣಬೆಗೂ ಆಗಬೇಕಿತ್ತು. ಮಗು ಬೇಕೇ ಬೇಕೆಂದರೆ ಲ್ಯಾಬಿನಲ್ಲಿ ಜೀನು ಜೀನಾಗಿ ಕಟ್ಟಿ. ಆಗ ಅದರ ರಕ್ತದಲ್ಲಿ ಕಬ್ಬಿಣ, ತಾಮ್ರ ಎರಡೂ ಇರಲಿ. ಕೆಲವು ಬಸವನಹುಳುಗಳಲ್ಲಿ ರಕ್ತಕ್ಕೆ ತಾಮ್ರ, ಆಹಾರ ಕೆರೆಯುವ ಬಾಯಿಯ ಸ್ನಾಯುವಿಗೆ ಕಬ್ಬಿಣ ಎಂದು ಪಾಲಾಗಿರುವುದುಂಟು.

ಆ ಮಗುವನ್ನು ಆಸ್ಪತ್ರೆಗೆ ತಂದರೆ ಏನಾಗುತ್ತದೆ ಅಂತ ಬರೆಯಿರಿ. ನರ್ಸ್ ಎಲ್ಲಕ್ಕೂ ಮೊದಲು ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸುತ್ತಾರೆ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಹಿಮೋಗ್ಲೋಬಿನ್ ಎಷ್ಟು ಹೀರುತ್ತದೆ ಅಂತಷ್ಟೇ ನೋಡುವ ಯಂತ್ರ. ಮಗು ನಗುತ್ತಾ ಕೂತಿರುತ್ತದೆ, ಯಂತ್ರ ಅರ್ಥವಿಲ್ಲದ ಅಂಕಿ ತೋರಿಸಿ ಬೀಪ್ ಬೀಪ್ ಅನ್ನುತ್ತಲೇ ಇರುತ್ತದೆ.