ಭೂತಾನ ಕೇಳುವ 1,200 ರೂಪಾಯಿ ಜಾಸ್ತಿ ಅಲ್ಲ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಜಗತ್ತಿನ ದುಬಾರಿ ಪ್ರವಾಸಿ ತಾಣಗಳ ಬಗ್ಗೆ ಬರೆದಿದ್ದೀರಿ. ಮಾಲ್ಡೀವ್ಸ್, ಸ್ವಿಟ್ಜರ್ಲೆಂಡ್ ಎಲ್ಲ ದುಡ್ಡಿದ್ದವರಿಗೆ, ಬಿಡಿ. ಆದರೆ ಭೂತಾನ ಪ್ರವಾಸಿಗರಿಂದ ರಾತ್ರಿಗಿಷ್ಟು ಅಂತ ವಸೂಲಿ ಮಾಡುವ ಶುಲ್ಕವನ್ನು 'ನ್ಯಾಯವಾದದ್ದು' ಅಂತ ಬರೆದದ್ದು ನನಗೆ ಸರಿ ಕಾಣಲಿಲ್ಲ. ನಾನು, ನನ್ನ ಹೆಂಡತಿ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ ಹೋಗಿಬರೋಣ ಅಂತ ಲೆಕ್ಕ ಹಾಕಿದೆವು. ಆರು ರಾತ್ರಿಗೆ ಬರೀ ಶುಲ್ಕವೇ 32,400 ರೂಪಾಯಿ! ರೂಮು, ಊಟ, ಕಾರು ಬೇರೆ. ಹಿಮಾಲಯದ ಗಾಳಿ ಕುಡಿಯೋಕೂ ದುಡ್ಡು ಕೊಡಬೇಕಾ? ಅವರ ಅಡಿಕೆ ನಮ್ಮ ದೇಶಕ್ಕೆ ಬಂದು ನಮ್ಮ ರೇಟು ಬೀಳಿಸುತ್ತದೆ. ನಾವು ಅಲ್ಲಿಗೆ ಹೋದರೆ ತಲೆಗಿಷ್ಟು ಅಂತ ಕಟ್ಟಬೇಕು. ಇದು ಯಾವ ನ್ಯಾಯ?
– ನಿವೃತ್ತ ಶಿಕ್ಷಕರು, ಚನ್ನಗಿರಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಲೆಕ್ಕ ಸರಿಯಾಗಿದೆ. ದೊಡ್ಡವರು ನಾಲ್ವರಿಗೆ ರಾತ್ರಿಗೆ ತಲಾ 1,200, ಮೊಮ್ಮಗನಿಗೆ ಅರ್ಧ, ಅಂದರೆ 600. ಒಂದು ರಾತ್ರಿಗೆ 5,400. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ದುಡ್ಡಲ್ಲ. ಇಷ್ಟು ಕಟ್ಟಲಾಗದೆ ಮನೆಯಲ್ಲೇ ಉಳಿಯುವ ಕುಟುಂಬಗಳು ಇವೆ. ಅದನ್ನು ನಾನು ಒಪ್ಪುತ್ತೇನೆ.

ಆದರೆ 'ಗಾಳಿ ಕುಡಿಯೋಕೂ ದುಡ್ಡಾ' ಅಂತ ಕೇಳಿದ್ದೀರಲ್ಲ, ಆ ಮಾತು ನನ್ನನ್ನು ಎರಡು ದಿನ ಸುಮ್ಮನಿರಲು ಬಿಡಲಿಲ್ಲ. ಮಕ್ಕಳಿಗೆ ಪಾಠ ಹೇಳಿದ ನಿಮ್ಮಂಥವರ ಕೈಯಿಂದ ಆ ಮಾತು ಬರಬಾರದಿತ್ತು.

ಮೊದಲು ಸ್ವಿಟ್ಜರ್ಲೆಂಡ್ ನೋಡಿ. ಯುಂಗ್‌ಫ್ರೌ ಬೆಟ್ಟದ ಮೇಲಿನ ರೈಲು ನಿಲ್ದಾಣಕ್ಕೆ ನಮ್ಮವರು ಸಾಲುಗಟ್ಟಿ ಹೋಗುತ್ತಾರೆ. 3,454 ಮೀಟರ್ ಎತ್ತರ. 1912ರಲ್ಲೇ ಕಟ್ಟಿ ಮುಗಿಸಿದ ರೈಲುದಾರಿ. ಕೆಳಗಿನ ಇಂಟರ್‌ಲಾಕನ್ ಊರಿನಿಂದ ಹೋಗಿ ಬರುವ ಪೂರಾ ಟಿಕೆಟ್ 200 ಫ್ರಾಂಕ್ ಮೀರುತ್ತದೆ. ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲೆ. ಅದೂ ಒಬ್ಬರಿಗೆ, ಒಂದೇ ದಿನಕ್ಕೆ. ಅಷ್ಟು ದುಡ್ಡಿಗೆ ಭೂತಾನದಲ್ಲಿ ಒಬ್ಬರು 16 ರಾತ್ರಿಯ ಶುಲ್ಕ ಕಟ್ಟಬಹುದು. ಸ್ವಿಟ್ಜರ್ಲೆಂಡಿಗೆ ಹೋಗಿಬಂದ ಒಬ್ಬರೂ 'ಹಿಮ ನೋಡೋಕೂ ದುಡ್ಡಾ' ಅಂತ ಈ ಪತ್ರಿಕೆಗೆ ಬರೆದಿಲ್ಲ. ದೊಡ್ಡವರು ಕೇಳಿದರೆ ಬೆಲೆ, ಪಕ್ಕದ ಮನೆಯ ಚಿಕ್ಕವನು ಕೇಳಿದರೆ ಸುಲಿಗೆ. ಹಾಗೆ ಆಯಿತಲ್ವಾ?

ಮಾಲ್ಡೀವ್ಸ್ ದುಬಾರಿ ಆಗಿರುವ ಕಾರಣ ಬೇರೆ. ಅಲ್ಲಿ ಅಕ್ಕಿ, ತರಕಾರಿ, ಹಾಲು ಬಹುಪಾಲು ಹೊರಗಿನಿಂದ ಬರಬೇಕು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಅಲ್ಲಿನ ಬೆಲೆ ಆ ನೆಲಕ್ಕಿರುವ ಕೊರತೆಯಿಂದ ಹುಟ್ಟಿದ್ದು. ಭೂತಾನದ ಬೆಲೆ ಹಾಗಲ್ಲ, ಆ ದೇಶ ಯೋಚಿಸಿ ಇಟ್ಟದ್ದು. ನನಗೆ ಗೌರವ ಇರುವುದು ಇದರ ಮೇಲೆ.

ಭೂತಾನ ಪ್ರವಾಸಿಗರಿಗೆ ಬಾಗಿಲು ತೆಗೆದದ್ದು 1974ರಲ್ಲಿ. ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಪಟ್ಟಾಭಿಷೇಕದ ವರ್ಷ. ಆ ವರ್ಷ ಬಂದವರು ಬರೀ 287 ಜನ. ಬರುವವರು ಕಡಿಮೆ ಇರಲಿ, ಬಂದವರಿಂದ ದೇಶಕ್ಕೆ ಪ್ರಯೋಜನ ಆಗಲಿ ಅಂತ ಶುರುವಿನಲ್ಲೇ ತೀರ್ಮಾನ ಮಾಡಿಕೊಂಡರು. ದುಡ್ಡಿನ ಅವಸರ ಇದ್ದ ಬಡ ದೇಶ ಹಾಗೆ ತೀರ್ಮಾನಿಸುವುದು ಸುಲಭವಾ ಮೇಷ್ಟ್ರೇ? ಎಷ್ಟೋ ವರ್ಷ ಹೊರದೇಶದವರು ದಿನಕ್ಕೆ 200ರಿಂದ 250 ಡಾಲರಿನ ಪ್ಯಾಕೇಜ್ ಕೊಳ್ಳಲೇಬೇಕಿತ್ತು. ಅದರಲ್ಲಿ 65 ಡಾಲರ್ ಸರ್ಕಾರಕ್ಕೆ ಹೋಗುತ್ತಿತ್ತು. ನಮಗೆ ಅದು ಯಾವುದೂ ಇರಲಿಲ್ಲ. ಗಡಿಯ ಫುಂಟ್‌ಶೋಲಿಂಗ್ ಗೇಟಿನಲ್ಲಿ ಪರ್ಮಿಟ್ ಮಾಡಿಸಿಕೊಂಡು ಸುತ್ತಿ ಬರಬಹುದಿತ್ತು.

ಸುತ್ತಿದೆವು ಕೂಡ. 2019ರಲ್ಲಿ ಅಲ್ಲಿಗೆ ಬಂದವರು ಮೂರು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ನಾವೇ. ಆ ದೇಶದ ಜನಸಂಖ್ಯೆಯೇ ಎಂಟು ಲಕ್ಷ ಮುಟ್ಟುವುದಿಲ್ಲ. ದೋಚು ಲಾ ಕಣಿವೆದಾರಿಯಲ್ಲಿ 108 ಚೋರ್ಟೆನ್‌ಗಳಿವೆ, ನಮ್ಮ ಸ್ತೂಪದಂಥವು. ಕಾಳಗದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಆ ವರ್ಷದ ಅಕ್ಟೋಬರಿನಲ್ಲಿ ಬೈಕಿನಲ್ಲಿ ಹೋದ ಭಾರತೀಯನೊಬ್ಬ ಏಣಿ ಹಾಕಿಕೊಂಡು ಒಂದರ ನೆತ್ತಿಗೆ ಹತ್ತಿ ಫೋಟೋ ತೆಗೆಸಿಕೊಂಡ. ಆ ಫೋಟೋ ನೋಡಿ ನಾನು ತಲೆ ತಗ್ಗಿಸಿದ್ದು ಇನ್ನೂ ನೆನಪಿದೆ. ನಮ್ಮೂರ ಗುಡಿಯ ಕಳಸದ ಮೇಲೆ ಯಾರಾದರೂ ಬೂಟುಗಾಲಲ್ಲಿ ನಿಂತರೆ ನಾವು ಬಿಡುತ್ತಿದ್ದೆವಾ? ಮರುವರ್ಷ ನಮಗೂ 1,200 ರೂಪಾಯಿ ಶುಲ್ಕ ಬಂತು. ಆ ಒಬ್ಬನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಬಂದದ್ದು ತಪ್ಪಲ್ಲ ಅಂತ ಮಾತ್ರ ಹೇಳುತ್ತೇನೆ. ಬೇರೆ ಹೆಚ್ಚಿನ ದೇಶದವರಿಗೆ ಈಗ ದಿನಕ್ಕೆ 100 ಡಾಲರ್. ನಾವು ಕೊಡುವುದು ಅದರ ಸುಮಾರು ಏಳನೇ ಒಂದು ಭಾಗ. ನೆರೆಯವರು ಅನ್ನುವ ಪ್ರೀತಿ ಇನ್ನೂ ಉಳಿದಿದೆ.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಶುಲ್ಕಕ್ಕೆ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಮೊದಲ ಸಲ ಶರತ್ಕಾಲ. ಪಾರೋ ಕಣಿವೆಯ ಮನೆಗಳ ಚಾವಣಿ ಮೇಲೆಲ್ಲ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಬ್ಯಾಡಗಿ ಕಣ ನೆನಪಾಯಿತು. ಬಂಡೆಗೆ ಅಂಟಿಕೊಂಡಿರುವ ತಕ್‌ತ್ಸಾಂಗ್ ಮಠಕ್ಕೆ ಹತ್ತಿದೆವು. ನಮ್ಮ ಜೊತೆ ಬಂದ ಹುಡುಗ 'ಘೋ' ತೊಟ್ಟಿದ್ದ. ಅದು ಅವರ ನಿಲುವಂಗಿ. ಸೊಂಟಕ್ಕೆ ಬಿಗಿದು ಕಟ್ಟಿದರೆ ಹೊಟ್ಟೆಯ ಮೇಲ್ಗಡೆ ದೊಡ್ಡ ಜೇಬಿನ ಹಾಗೆ ಮಡಿಕೆ ಆಗುತ್ತದೆ. ದಾರಿಯಲ್ಲಿ ಕಂಡ ಪ್ಲಾಸ್ಟಿಕ್ ಕವರನ್ನೆಲ್ಲ ಅವನು ಬಗ್ಗಿ ಎತ್ತಿ, ಮಡಚಿ, ಆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಯಾರಿಗೂ ಏನೂ ಹೇಳಲಿಲ್ಲ, ಮುಖ ಗಂಟಿಕ್ಕಲಿಲ್ಲ. ಇಳಿದು ಬರುವಷ್ಟರಲ್ಲಿ ಅವನ ಹೊಟ್ಟೆ ಬಸುರಿಯ ಹಾಗೆ ಉಬ್ಬಿತ್ತು. ಕೆಳಗೆ ಬುಟ್ಟಿಗೆ ಸುರಿಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಕೋಡುಬಳೆ ಪ್ಯಾಕೆಟ್ಟಿನ ಮೇಲೆ ಕನ್ನಡ ಅಕ್ಷರ ಇತ್ತು. ನಾಲ್ಕು ದಿನ ಊರೂರು ಸುತ್ತಿ ನಾನು ನೋಡಿದ ಒಂದೇ ಒಂದು ಕನ್ನಡ ಬರಹ ಅದು.

ಅಗ್ಗದ ಪ್ರವಾಸದಲ್ಲಿ ಖರ್ಚು ಇಲ್ಲ ಅಂತಲ್ಲ ಮೇಷ್ಟ್ರೇ. ಆ ಖರ್ಚನ್ನು ನಮ್ಮ ಬದಲು ಊರಿನವರು ಕೊಡುತ್ತಾರೆ. ಕೊಡಗಿನಲ್ಲಿ ನನಗೆ ಪರಿಚಯದ ಒಂದು ಮನೆ ಇದೆ. ಅವರ ಗದ್ದೆ ಒಂದು ಜಲಪಾತಕ್ಕೆ ಹೋಗುವ ರಸ್ತೆಯ ಪಕ್ಕ. ಒಂದು ಮಳೆಗಾಲ ನಾಟಿಯ ಹೊತ್ತಿಗೆ ಹೋಗಿದ್ದೆ. ಜಗಲಿಯ ಮೂಲೆಯಲ್ಲಿ ಬಕೆಟ್ ತುಂಬ ಒಡೆದ ಗಾಜು. ಶನಿವಾರ, ಭಾನುವಾರ ಬಂದವರು ಎಸೆದ ಬಿಯರ್ ಬಾಟಲಿಗಳ ಚೂರು. ಕೆಸರಿನಲ್ಲಿ ಅವು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ಸಿಗಬೇಕು. ನಾಟಿಗೆ ಬಂದ ಹೆಂಗಸೊಬ್ಬರು ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಆ ವಾರದ ಕೂಲಿ ಹೋಯಿತು. ಮನೆಯೊಡತಿ ನನಗೆ ಕಾಫಿ ಕೊಡುತ್ತಾ, 'ನಾವು ಇವರನ್ನ ಕರೆದಿದ್ವಾ?' ಅಂತ ಕೇಳಿದರು. ನಾನು ಕಾಫಿ ಲೋಟ ಹಿಡಿದುಕೊಂಡು ಸುಮ್ಮನೆ ಕೂತೆ. ಆ ಜಲಪಾತಕ್ಕೆ ಪಾರ್ಕಿಂಗ್ ಬಿಟ್ಟರೆ ಬೇರೆ ಶುಲ್ಕ ಇಲ್ಲ. ಹಿಮ್ಮಡಿ ಕುಯ್ದುಕೊಂಡವರಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ಜಾಸ್ತಿ ಬೆಲೆ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ರುವಾಂಡಾ ಇದೆ. ಅಲ್ಲಿನ ಕಾಡಿನಲ್ಲಿ ಬೆಟ್ಟದ ಗೊರಿಲ್ಲಾ ನೋಡಲು ಒಬ್ಬರಿಗೆ 1,500 ಡಾಲರ್. ಎಂಟು ಜನರ ಗುಂಪು, ನೋಡಲು ಸಿಗುವುದು ಒಂದೇ ಗಂಟೆ. 2017ರಲ್ಲಿ 750 ಇದ್ದದ್ದನ್ನು ಒಂದೇ ಏಟಿಗೆ ಎರಡರಷ್ಟು ಮಾಡಿದರು. ಅದರ ಜೊತೆಗೇ ಕಾಡಂಚಿನ ಹಳ್ಳಿಗಳಿಗೆ ಕೊಡುವ ಪಾಲನ್ನು ನೂರಕ್ಕೆ ಐದರಿಂದ ಹತ್ತಕ್ಕೆ ಏರಿಸಿದರು. 1980ರ ದಶಕದ ಶುರುವಿನಲ್ಲಿ ವಿರುಂಗಾ ಬೆಟ್ಟಸಾಲಿನಲ್ಲಿ ಉಳಿದಿದ್ದ ಗೊರಿಲ್ಲಾಗಳು 250ರ ಆಸುಪಾಸು. 2015–16ರಲ್ಲಿ ಎಣಿಸಿದಾಗ 604. ಗೊರಿಲ್ಲಾ ಬದುಕಿದ್ದರೆ ತನ್ನ ಮಗುವಿನ ಶಾಲೆಗೆ ಸೂರು ಬರುತ್ತದೆ ಅಂತ ಹಳ್ಳಿಯವನಿಗೆ ಗೊತ್ತಾದರೆ, ಅವನು ಉರುಲು ಹಾಕಲು ಹೋಗುವುದಿಲ್ಲ. ಅರ್ಧ ಮನಸ್ಸಿನಲ್ಲಿ ಮಾಡಿದರೆ ವೆನಿಸ್‌ನ ಹಾಗಾಗುತ್ತದೆ. 2024ರಲ್ಲಿ ದಿನದ ಪ್ರವಾಸಿಗರಿಗೆ ಐದು ಯೂರೋ ಶುಲ್ಕ ಇಟ್ಟರು. ಕಟ್ಟಿದರು, ನುಗ್ಗಿದರು. ಜನ ಕಡಿಮೆ ಆಗಲಿಲ್ಲ.

ಭೂತಾನದಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಕೋವಿಡ್ ಮುಗಿದು 2022ರ ಸೆಪ್ಟೆಂಬರಿನಲ್ಲಿ ಬಾಗಿಲು ತೆಗೆದಾಗ ಹೊರದೇಶದವರ ಶುಲ್ಕವನ್ನು 65ರಿಂದ 200 ಡಾಲರಿಗೆ ಏರಿಸಿದರು. ಹೋಟೆಲಿನವರು, ಗೈಡುಗಳು ಕೈಕಟ್ಟಿ ಕೂರುವ ಹಾಗಾಯಿತು. ಮರುವರ್ಷ ಅರ್ಧಕ್ಕೆ ಇಳಿಸಿದರು. ತಪ್ಪಾಯಿತು, ತಿದ್ದಿಕೊಂಡರು. ಆದರೆ ಶುಲ್ಕವನ್ನು ತೆಗೆದುಹಾಕಲಿಲ್ಲ ನೋಡಿ. ಅಲ್ಲಿನ ಜನರಿಗೆ ಹತ್ತನೇ ತರಗತಿವರೆಗೆ ಓದು ಉಚಿತ, ಆಸ್ಪತ್ರೆ ಉಚಿತ. ದೇಶದ ನೂರಕ್ಕೆ 60 ಭಾಗ ಯಾವತ್ತೂ ಕಾಡಾಗಿಯೇ ಇರಬೇಕು ಅಂತ 2008ರ ಸಂವಿಧಾನದಲ್ಲೇ ಬರೆದಿದ್ದಾರೆ. ನೀವು ಕುಡಿಯುವ ಗಾಳಿ ಅಲ್ಲಿಂದ ಬರುತ್ತದೆ ಮೇಷ್ಟ್ರೇ. ಅದನ್ನು ಕಾಯುವವರು ಇದ್ದಾರೆ.

ಅಡಿಕೆ ವಿಷಯದಲ್ಲಿ ನಾನು ನಿಮ್ಮ ಕಡೆ. ನಾನೂ ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟುಪಾಡಿಲ್ಲದೆ ತರಲು ಬಿಟ್ಟಾಗ ಮಲೆನಾಡು ಕುದಿಯಿತು. ಕುದಿಯಬೇಕಾದದ್ದೇ. ಆದರೆ ಆ ಅಪ್ಪಣೆ ಹೊರಟದ್ದು ದೆಹಲಿಯಿಂದ. ದೆಹಲಿಯ ಮೇಲಿನ ಸಿಟ್ಟನ್ನು ಭೂತಾನದ ರಾಜಧಾನಿ ಥಿಂಪುವಿನ ಮೇಲೆ ತೀರಿಸಿಕೊಳ್ಳಬೇಡಿ.

ನನ್ನ ಸಿಟ್ಟು ಇರುವುದು ನಮ್ಮ ಮೇಲೆ. ಪ್ರವಾಸೋದ್ಯಮ ಅಂದ ಕೂಡಲೇ ನಮ್ಮಲ್ಲಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಜನ ಬಂದರು? ಹೋದ ವರ್ಷಕ್ಕಿಂತ ಜಾಸ್ತಿ ಅಂದರೆ ಗೆದ್ದ ಹಾಗೆ. ಎಷ್ಟು ಶೌಚಾಲಯ ಇತ್ತು, ಕಸ ಎಲ್ಲಿಗೆ ಹೋಯಿತು, ಆ ಊರಿನ ಹೆರಿಗೆ ನೋವಿನ ಹೆಂಗಸಿನ ಜೀಪು ಭಾನುವಾರದ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ಯಾರೂ ಕೇಳುವುದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಚಿತ್ರ ನೀವೂ ನೋಡಿರುತ್ತೀರಿ. ಆಮೇಲೆ ಎಚ್ಚೆತ್ತು, ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಮಾಡಿದರು. ಊಟಿಗೆ ಇ-ಪಾಸ್ ಬರಬೇಕಾದರೆ ಮದ್ರಾಸ್ ಹೈಕೋರ್ಟೇ ಹೇಳಬೇಕಾಯಿತು. ಭೂತಾನ 1974ರಲ್ಲೇ ಯೋಚಿಸಿದ್ದನ್ನು ನಾವು ಐವತ್ತು ವರ್ಷ ಬಿಟ್ಟು, ಗಾಜು ಕಾಲಿಗೆ ಚುಚ್ಚಿದ ಮೇಲೆ ಯೋಚಿಸುತ್ತಿದ್ದೇವೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ನಮ್ಮಜ್ಜಿ ಕಾಶಿಗೆ ಅಂತ ಮುಡಿಪು ಕಟ್ಟಿದ್ದಳು. ಅರಿಶಿನದ ಬಟ್ಟೆ, ದೇವರ ಕೋಣೆಯ ಗೂಡು. ಪ್ರತಿ ವರ್ಷ ಅಡಿಕೆ ಮಾರಿದಾಗ ಅಜ್ಜ ಕೊಟ್ಟದ್ದರಲ್ಲಿ ಒಂದಿಷ್ಟು ಅದರೊಳಗೆ ಸೇರುತ್ತಿತ್ತು. ನಡುವೆ ಒಂದು ವರ್ಷ ಕೊಳೆರೋಗ ಬಂದು ತೋಟ ನೆಲಕಚ್ಚಿತು. ಆಗಲೂ ಆ ಗಂಟು ಬಿಚ್ಚಲಿಲ್ಲ. ಹನ್ನೊಂದು ವರ್ಷ ಕಾದು ಹೋದಳು. ತಂದ ತಾಮ್ರದ ಗಿಂಡಿ ಈಗಲೂ ನಮ್ಮ ಮನೆಯಲ್ಲಿದೆ. ಯಾವ ಘಾಟಿನ ಎಷ್ಟನೇ ಮೆಟ್ಟಿಲು ಜಾರುತ್ತಿತ್ತು, ಯಾವ ಮುದುಕಿ ಕೈಹಿಡಿದು ಇಳಿಸಿದಳು ಅಂತ ಸಾಯುವವರೆಗೂ ಹೇಳುತ್ತಿದ್ದಳು. ಕಾಶಿ ದುಬಾರಿ ಆಯಿತು ಅಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೋಗಿ ಬನ್ನಿ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಕೊಯ್ಲು ಮುಗಿಸಿ ಹೋಗಿ. ದುಡ್ಡು ಉಳಿಸಬೇಕಾದರೆ ರೂಮಿನಲ್ಲಿ ಉಳಿಸಿ. ಹಳ್ಳಿ ಮನೆಗಳಲ್ಲಿ ಉಳಿಯಲು ಜಾಗ ಕೊಡುತ್ತಾರೆ, ನಿಮ್ಮ ಮೊಮ್ಮಗನಿಗೆ ಅದೇ ಖುಷಿ. ಪಶ್ಚಿಮ ಬಂಗಾಳದ ಹಾಸಿಮಾರಾವರೆಗೆ ರೈಲು ಸಿಗುತ್ತದೆ, ಅಲ್ಲಿಂದ ಗಡಿ ಹತ್ತಿರ. ಆಧಾರ್ ಕಾರ್ಡ್ ನಡೆಯುವುದಿಲ್ಲ, ಮರೆಯಬೇಡಿ. ದೊಡ್ಡವರಿಗೆ ವೋಟರ್ ಐಡಿ ಅಥವಾ ಪಾಸ್‌ಪೋರ್ಟ್, ಹುಡುಗನಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ಬೇಕು. ಅವನಿಗೆ ಊಟದಲ್ಲಿ ಎಮಾ ದತ್ಶಿ ಕೊಡಬೇಡಿ. ಅದರಲ್ಲಿ ಮೆಣಸಿನಕಾಯಿಯೇ ತರಕಾರಿ.

ಇನ್ನೊಂದು. ನಿಮ್ಮ ಜೊತೆ ಬರುವ ಡ್ರೈವರ್ ದಾರಿಯಲ್ಲಿ ನಿಮಗೆ 'ದೋಮಾ' ಕೊಡುತ್ತಾನೆ. ನಮ್ಮ ಎಲೆಅಡಿಕೆಯೇ. ಆದರೆ ಅಡಿಕೆ ಹಸಿ, ಸುಣ್ಣ ಧಾರಾಳ. ಆ ಚಳಿಯಲ್ಲೂ ಹಣೆಯಲ್ಲಿ ಬೆವರು ಬರುತ್ತದೆ. ಚನ್ನಗಿರಿಯವರು ಅಂತ ಧೈರ್ಯ ಮಾಡಬೇಡಿ. ಮೊದಲ ಸಲ ಅರ್ಧ ಹೋಳು ಸಾಕು.