ಕಾಲಿಗೆ ಮತ್ತೆ ಆಪರೇಷನ್ ಮಾಡಿಸಲಾ, ಬೇಡವಾ?

ಪ್ರಶ್ನೆ: ಮೇಡಂ, ನನಗೆ 47 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೋದ ವರ್ಷ ಮಳೆಯಲ್ಲಿ ಸ್ಕೂಟಿ ಜಾರಿ ಬಲ ಪಾದದ ಗಿಣ್ಣು ಮುರಿಯಿತು. ಹೊರಬದಿಗೆ ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿದೆ ಅಂತಾರೆ. ಆದರೆ ಪ್ಲಾಸ್ಟರ್ ತೆಗೆದಾಗಿನಿಂದ ಪಾದ ಉರಿಯುತ್ತಿದೆ. ಹೊದಿಕೆ ತಾಗಿದರೂ ಜೀವ ಹೋದ ಹಾಗಾಗುತ್ತದೆ. ಒಮ್ಮೆ ಕೆಂಪಗೆ ಬಿಸಿ, ಇನ್ನೊಮ್ಮೆ ನೀಲಿಯಾಗಿ ತಣ್ಣಗೆ. ಒಬ್ಬ ಡಾಕ್ಟರು ‘ಪ್ಲೇಟ್ ತೆಗೆದರೆ ಸರಿಹೋಗುತ್ತದೆ’ ಅನ್ನುತ್ತಾರೆ. ಇನ್ನೊಬ್ಬರು ‘ಇದು ಸಿ.ಆರ್.ಪಿ.ಎಸ್., ಮತ್ತೆ ಚಾಕು ಹಚ್ಚಬೇಡಿ’ ಅಂದರು. ನಮ್ಮ ಅತ್ತೆ ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಅತ್ತೆಯವರ ಮಾತು. ಈ ಪುಟವನ್ನು ಅವರಿಗೂ ತೋರಿಸಿ. ನಿಮ್ಮ ನೋವು ಮನಸ್ಸಿನ ಕಲ್ಪನೆ ಅಲ್ಲ. ಎರಡನೇ ಡಾಕ್ಟರು ಹೇಳಿದ ಸಿ.ಆರ್.ಪಿ.ಎಸ್. (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಪೆಟ್ಟಾದ ಕೈಕಾಲಿನಲ್ಲಿ ಉಳಿದುಬಿಡುವ ನಿಜವಾದ ನೋವಿನ ಕಾಯಿಲೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡು ತಗುಲಿದ ಸೈನಿಕರಲ್ಲಿ ಇದೇ ಉರಿಯನ್ನು ವೇರ್ ಮಿಚೆಲ್ ಎಂಬ ವೈದ್ಯರು 1860ರ ದಶಕದಲ್ಲೇ ಕಂಡು ಬರೆದಿಟ್ಟಿದ್ದಾರೆ. ಗಾಯ ಮಾಗಿದರೂ ನರಗಳು ನೋವಿನ ಸುದ್ದಿ ಕಳಿಸುವುದನ್ನು ನಿಲ್ಲಿಸುವುದಿಲ್ಲ. ರಕ್ತನಾಳ, ಬೆವರು, ಚರ್ಮದ ಬಣ್ಣ ಎಲ್ಲದರ ಹತೋಟಿಯೂ ತಪ್ಪುತ್ತದೆ. ಇದನ್ನು ಹಿಡಿಯಲು ಒಂದೇ ಒಂದು ರಕ್ತಪರೀಕ್ಷೆ ಅಥವಾ ಸ್ಕ್ಯಾನ್ ಅಂತ ಇಲ್ಲ. ಲಕ್ಷಣ ಕೇಳಿ, ಪಾದ ಮುಟ್ಟಿ ನೋಡಿಯೇ ಹೇಳಬೇಕು. ನೀವು ಬರೆದಿರುವುದು ಅದಕ್ಕೆ ಬಹಳ ಹೊಂದುತ್ತದೆ.

ಈಗ ಆಪರೇಷನ್ ವಿಚಾರ. ‘ಪ್ಲೇಟ್ ತೆಗೆದರೆ ಸರಿಹೋಗುತ್ತದೆ’ ಎಂಬ ಒಂದೇ ಮಾತನ್ನು ನಂಬಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಸಿ.ಆರ್.ಪಿ.ಎಸ್. ಎದ್ದಿರುವ ಪಾದಕ್ಕೆ ಹೊಸ ಗಾಯವಾದರೆ ನೋವು ಇನ್ನೂ ಕೆರಳಬಹುದು. ಹಾಗಂತ ‘ಯಾವತ್ತೂ ಮುಟ್ಟಬಾರದು’ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಒಳಗೆ ಏನೋ ಒಂದು ದಿನಾ ಕೆಣಕುತ್ತಿದ್ದರೆ ಔಷಧಿ ಎಷ್ಟು ನುಂಗಿದರೂ ಪಾದ ಶಾಂತವಾಗುವುದಿಲ್ಲ. ಹಾಗಾಗಿ ಸರ್ಜನ್‌ಗೆ ನೇರವಾಗಿ ಕೇಳಿ: ‘ಡಾಕ್ಟ್ರೇ, ಒಳಗೆ ಇಂಥದ್ದೇ ತೊಂದರೆ ಇದೆ ಅಂತ ತೋರಿಸ್ತೀರಾ?’ ಸ್ಕ್ರೂ ಸಡಿಲವಾಗಿರಬಹುದು, ಅದರ ತಲೆ ಚರ್ಮಕ್ಕೆ ಒತ್ತುತ್ತಿರಬಹುದು, ಮೂಳೆ ಪೂರ್ತಿ ಕೂಡದೇ ಇರಬಹುದು, ನರ ಸಿಕ್ಕಿಕೊಂಡಿರಬಹುದು. ಇವುಗಳಲ್ಲಿ ಯಾವುದನ್ನೂ ತೋರಿಸಲು ಆಗದೆ ಬರೀ ‘ನೋವಿದೆಯಲ್ಲ, ತೆಗೆಯೋಣ’ ಅಂದರೆ ನನ್ನ ಉತ್ತರ ‘ಬೇಡ’.

ನರದ ಸಂಶಯವನ್ನು ಪರೀಕ್ಷಿಸಲು ದಾರಿ ಇದೆ. ಹೊರಗಿಣ್ಣಿನ ಮುಂದೆ ಒಂದು, ಹಿಂದೆ ಒಂದು ಸಣ್ಣ ನರ ಹಾದುಹೋಗುತ್ತವೆ. ಅಲ್ಲಿ ಪ್ಲೇಟ್ ಹಾಕುವಾಗ ಅವಕ್ಕೆ ಪೆಟ್ಟಾಗುವುದುಂಟು. ಹಳೇ ಹೊಲಿಗೆಯ ಗುರುತಿನ ಮೇಲೆ ಬೆರಳಿನಿಂದ ತಟ್ಟಿದಾಗ ಒಂದೇ ಜಾಗದಿಂದ ಕರೆಂಟ್ ಹೊಡೆದ ಹಾಗೆ ಬೆರಳುಗಳವರೆಗೆ ಓಡುತ್ತದಾ? ಹಾಗಿದ್ದರೆ ಅಲ್ಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡಬಹುದು. ಕೆಲವು ಗಂಟೆ ಉರಿ ಚೆನ್ನಾಗಿ ಇಳಿದರೆ ತೊಂದರೆ ಅಲ್ಲೇ ಇರುವ ಸಾಧ್ಯತೆ ಜಾಸ್ತಿ, ಆಪರೇಷನ್‌ಗೆ ಒಂದು ಅರ್ಥ ಬರುತ್ತದೆ. ಪಾದವೆಲ್ಲ ಹಾಗೇ ಉರಿಯುತ್ತಿದ್ದರೆ ಪ್ಲೇಟ್ ತೆಗೆದರೂ ಆ ಉರಿ ಹೋಗುತ್ತದೆ ಅನ್ನುವ ಭರವಸೆ ಇಲ್ಲ.

ಮಾಡಿಸುವುದೇ ಆದರೂ ಅವಸರ ಬೇಡ. ಬಾವು, ಬಣ್ಣ, ಬಿಸಿ-ತಣ್ಣಗಿನ ಏರುಪೇರು ಇಳಿದು ಪಾದ ಕೆಲವು ತಿಂಗಳು ಶಾಂತವಾಗಿರಲಿ. ಆಪರೇಷನ್‌ಗೆ ಮುಂಚೆಯೇ ಅರಿವಳಿಕೆ ತಜ್ಞರನ್ನು ಕಂಡು ನಿಮ್ಮ ಕಥೆ ಪೂರ್ತಿ ಹೇಳಿ. ಬೆನ್ನಿಗೆ ಅಥವಾ ಮಂಡಿಯ ಹಿಂದೆ ಚುಚ್ಚುಮದ್ದು ಕೊಟ್ಟು ನೋವಿನ ದಾರಿ ಮುಚ್ಚುವುದು, ಆಪರೇಷನ್ ಮುಗಿದ ಮೇಲೂ ಅದನ್ನು ಮುಂದುವರಿಸುವುದು ಅವರ ಕೈಲಿದೆ. ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಿಲ್ಲ. 260 ಕಿಲೋಮೀಟರ್ ಕಾಲು ಇಳಿಬಿಟ್ಟು ಕೂತರೆ ಬಾವು ಏರುವುದೇ ಬಂತು. ಜೆ.ಜೆ.ಎಂ. ಮೆಡಿಕಲ್ ಕಾಲೇಜು ನಿಮ್ಮೂರಲ್ಲೇ ಇದೆ ಅಲ್ವಾ? ಅಲ್ಲಿ ವಿಚಾರಿಸಿ.

ಅಲ್ಲಿಯವರೆಗೆ ಪಾದವನ್ನು ಸುಮ್ನೆ ಮಡಚಿ ಇಡಬೇಡಿ. ಈ ಕಾಯಿಲೆಯಲ್ಲಿ ಬಳಸದ ಕಾಲು ಇನ್ನೂ ಬಿಗಿಯುತ್ತದೆ. ಐಸ್ ಇಡಲೇಬೇಡಿ. ಬ್ಲೌಸ್ ಹೊಲಿದು ಉಳಿದ ತುಂಡು ಬಟ್ಟೆ ಇರುತ್ತದಲ್ಲ, ಅದರಲ್ಲೇ ಶುರು ಮಾಡಿ. ಮೊದಲು ರೇಷ್ಮೆ, ಆಮೇಲೆ ವಾಯಿಲ್, ಕಾಟನ್, ಕೊನೆಗೆ ಟರ್ಕಿ ಟವೆಲ್. ತಡೆಯುವಷ್ಟೇ, ದಿನಕ್ಕೆ ಕೆಲವು ಸಲ ಪಾದದ ಮೇಲೆ ಮೃದುವಾಗಿ ಆಡಿಸಿ. ಕನ್ನಡಿಯನ್ನು ಎರಡು ಕಾಲಿನ ನಡುವೆ ನಿಲ್ಲಿಸಿ, ಬಲಗಾಲನ್ನು ಅದರ ಹಿಂದೆ ಮರೆಮಾಡಿ, ಎಡಗಾಲು ಆಡಿಸುತ್ತಾ ಕನ್ನಡಿಯನ್ನೇ ನೋಡಿ. ಬಲಗಾಲು ನೋವಿಲ್ಲದೆ ಆಡಿದಂತೆ ಮೆದುಳಿಗೆ ಕಾಣುತ್ತದೆ. ಚೆನ್ನೈಯಲ್ಲಿ ಓದಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕೈಕಾಲು ಕಳೆದುಕೊಂಡವರಿಗಾಗಿ ತಂದ ಉಪಾಯ ಇದು. ಈಗ ನಿಮ್ಮಂಥವರಿಗೂ ಬಳಸುತ್ತಾರೆ. ಫಿಸಿಯೋಥೆರಪಿಯವರ ಹತ್ತಿರ ಒಮ್ಮೆ ಕಲಿತುಕೊಂಡು ಮಾಡಿ.

ಹೊಲಿಗೆ ಬಿಡಬೇಡಿ. ಮಷಿನ್‌ಗೆ ಮೋಟರ್ ಹಾಕಿಸಿ, ಪೆಡಲ್ ಎಡಗಾಲಿನ ಕಡೆ ಇಟ್ಟುಕೊಳ್ಳಿ. ಹಳೇ ತುಳಿಯುವ ಮಷಿನ್ ಇದ್ದರೆ ಮಾರಬೇಡಿ. ಬೆಲ್ಟ್ ಬಿಚ್ಚಿ, ತುಳಿಯುವ ಹಲಗೆಯನ್ನು ಬಲಗಾಲಿನಿಂದ ಸ್ವಲ್ಪ ಹೊತ್ತು ಮೇಲೆ-ಕೆಳಗೆ ಆಡಿಸಿ. ಗಿಣ್ಣಿಗೆ ಬೇಕಾದ ವ್ಯಾಯಾಮ ಅದೇ. ನರದ ನೋವಿಗೆ ಪ್ರೆಗಾಬಲಿನ್‌ನಂಥ ಮಾತ್ರೆ ಕೊಟ್ಟಿದ್ದರೆ ಥಟ್ಟನೆ ನಿಲ್ಲಿಸಬೇಡಿ. ತೂಕಡಿಕೆ ಬರುವ ದಿನ ಸ್ಕೂಟಿ ಮುಟ್ಟಬೇಡಿ.

ಹೊಲಿಗೆಯ ಜಾಗದಲ್ಲಿ ಕೀವು, ಜ್ವರ, ಅಥವಾ ಕಾಲು ಊರಿದಾಗ ಪ್ಲೇಟ್ ಮುರಿದಂತೆ ಹೊಸ ನೋವು ಬಂದರೆ ಮಾತ್ರ ಇದೆಲ್ಲ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.